ಮುಳವಾಡದ ಸಭೆಯಲ್ಲಿ ಮಾಸ್ತರು ಹೇಳಿದ್ದು

ಆರು ವರ್ಷಗಳ ಹಿಂದೆ ನಾನು ಒಂದು ಪ್ರಾದೇಶಿಕ ದಿನಪತ್ರಿಕೆಗೆ ಬಸವನ ಬಾಗೇವಾಡಿಯ ವರದಿಗಾರನಾಗಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳದ ವಿದ್ಯುತ್ ಸುದ್ದಿಗಳೂ ನನ್ನ ಪಾಲಿಗೇ ಬರುತ್ತಿದ್ದವು. ಆ ಬೇಸಿಗೆಯಲ್ಲಿ ಮಾಜಿ ಶಾಸಕರೊಬ್ಬರು ಮುಳವಾಡದ ಸಮುದಾಯ ಭವನದಲ್ಲಿ ರಾಷ್ಟ್ರೀಯ ಇಂಧನ ನೀತಿಯ ಕುರಿತು ಮಾತನಾಡುವವರಿದ್ದರು. ರಾಜಕೀಯಕ್ಕೆ ಬರುವ ಮುನ್ನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಜನರ ಬಾಯಲ್ಲಿ ಅವರು ಕೊನೆಯವರೆಗೂ ಮಾಸ್ತರು.

ಭಾಷಣದ ಮುದ್ರಿತ ಪ್ರತಿ ಬೆಳಿಗ್ಗೆಯೇ ನನ್ನ ಕೈಸೇರಿತ್ತು. ಅದು ಪಕ್ಷದ ಕಚೇರಿಯಲ್ಲಿ ತಯಾರಾದದ್ದು. ಇಂಧನ ಸುರಕ್ಷತೆಗಾಗಿ ದೇಶ ತೈಲ ಆಮದನ್ನು ತಗ್ಗಿಸಬೇಕು, ಸೌರ ಮತ್ತು ಪವನ ವಿದ್ಯುತ್ ಹೆಚ್ಚಿಸಬೇಕು, ಆದರೂ ಬೇಸ್ ಲೋಡ್‌ಗೆ, ಅಂದರೆ ದಿನವಿಡೀ ತಪ್ಪದೆ ಬೇಕಾಗುವ ಕನಿಷ್ಠ ವಿದ್ಯುತ್ತಿಗೆ, ಕಲ್ಲಿದ್ದಲೇ ಆಧಾರ ಎಂಬುದು ಅದರ ಸಾರ. ಮುಳವಾಡದಲ್ಲಿ ಮೊಬೈಲ್ ಸಿಗ್ನಲ್ ನಂಬುವಂತಿರಲಿಲ್ಲ. ಹಾಗಾಗಿ ಪ್ರತಿಯನ್ನು ನೋಡಿಯೇ ವರದಿ ಬರೆದು ಹೊರಡುವ ಮುನ್ನ ಕಳಿಸಿಬಿಟ್ಟೆ. ನಮ್ಮಲ್ಲಿ ಇದು ರೂಢಿ. ‘ಎಂದು ಹೇಳಿದರು’ ಎಂಬ ಕ್ರಿಯಾಪದ, ಅವರು ಬಾಯಿ ತೆರೆಯುವ ಮೊದಲೇ ಕಚೇರಿ ತಲುಪಿತ್ತು.

ಸಭೆಗೆ ನೂರರ ಹತ್ತಿರ ಜನ ಸೇರಿದ್ದರು, ಹೆಚ್ಚಿನವರು ಪಂಪ್‌ಸೆಟ್ ಇರುವ ರೈತರು. ಕಿಟಕಿಯಾಚೆ ದೂರದಲ್ಲಿ ಉಷ್ಣ ವಿದ್ಯುತ್ ಸ್ಥಾವರದ ಚಿಮಣಿ ಕಾಣುತ್ತಿತ್ತು. ಮಾಸ್ತರು ಮೊದಲ ಎರಡು ಪುಟ ಓದುವಷ್ಟರಲ್ಲಿ ಯಾರದೋ ಫೋನ್ ರಿಂಗಣಿಸಿತು. ಹೊಲದಲ್ಲಿ ತ್ರೀ ಫೇಸ್ ಬಂದಿದೆ ಎಂಬ ಸುದ್ದಿ. ಪಂಪ್‌ಸೆಟ್ ಓಡುವುದು ಆ ವಿದ್ಯುತ್ತಿನಿಂದಲೇ. ಅದು ಬರುವುದು ಪಾಳಿಯಲ್ಲಿ, ಮತ್ತು ಆ ವಾರದ ಪಾಳಿ ನಸುಕಿನದು. ಹೇಳದೆ ಕೇಳದೆ ಮಧ್ಯಾಹ್ನ ಬಂದದ್ದು ಯಾವಾಗ ಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ. ಸಾಲು ಸಾಲಾಗಿ ಜನ ಎದ್ದರು. ಮುಂದಿನ ಸಾಲಿನ ಹಿರಿಯ ರೈತ ರಾಚಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಕೈಮುಗಿದರು.

“ಸಿಟ್ಟಾಗಬ್ಯಾಡ್ರಿ ಮಾಸ್ತರ. ದೇಶದ ಸುರಕ್ಷತಾ ಆಮ್ಯಾಲ ಕೇಳ್ತೇವ್ರಿ. ಮೊದಲ ಕಬ್ಬಿಗಿ ನೀರ ಬಿಟ್ಟು ಬರ್ತೇವಿ.”

ನಕ್ಕವರಲ್ಲಿ ಮಾಸ್ತರೂ ಇದ್ದರು. ಉಳಿದವರನ್ನು ಎಣಿಸಿದೆ, ನನ್ನನ್ನು ಬಿಟ್ಟು ಹನ್ನೊಂದು ಜನ. ಮಾಸ್ತರು ಕಾಗದ ಮಡಚಿ ಜೇಬಿಗಿಟ್ಟು, ಮೈಕ್ ಬಿಟ್ಟು, ವೇದಿಕೆಯ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತರು.

“ಈ ಕಾಗದದಾಗ ಇರೋದು ಸುಳ್ಳಲ್ಲ,” ಎಂದರು. “ಕಲ್ಲಿದ್ದಲ ಎಷ್ಟ ದಿನಕ್ಕ ಸಾಕಾಗತೈತಿ ಅಂತ ದಿಲ್ಲಿಯೊಳಗ ಲೆಕ್ಕ ಇಡ್ತಾರ, ಇಡಬೇಕು. ಆದ್ರ ಕರೆಂಟ್ ಯಾವಾಗ ಬರತೈತಿ ಅಂತ ಗೊತ್ತಿಲ್ಲದಾವಗ ಯಾವ ಸುರಕ್ಷತಾ? ನಾ ಐದು ವರ್ಷ ಶಾಸಕ ಇದ್ದೆ. ಒಂದ ದಿನಾನೂ ಇದನ್ನ ಎದ್ದು ನಿಂತು ಕೇಳಲಿಲ್ಲ. ಅದು ನನ್ನ ತಪ್ಪು.”

ಹೋದವರು ಬರುವತನಕ ಇಲ್ಲೇ ಕೂರುತ್ತೇನೆ ಎಂದೂ ಸೇರಿಸಿದರು.

ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ನಾಲ್ಕು ಗಂಟೆಗೆ ಊರಿಗೆ ಹೊರಟೆ. ದಾರಿಯಲ್ಲಿ ಸಿಗ್ನಲ್ ಸಿಕ್ಕಿತು. ಮರುದಿನದ ಪತ್ರಿಕೆಯ ಪುಟ ಇನ್ನೂ ಮುಗಿದಿರಲಿಲ್ಲ. ಒಂದು ಫೋನ್ ಮಾಡಿದ್ದರೆ ವರದಿ ಬದಲಾಗುತ್ತಿತ್ತು. ಹನ್ನೊಂದು ಜನರ ಮುಂದೆ ಆಡಿದ ಮಾತಿಗೆ ಯಾಕೆ ಕಚೇರಿಯವರನ್ನು ಕಾಡುವುದು ಎಂದುಕೊಂಡು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಮಾಸ್ತರ ಫೋನ್ ಬಂತು. ವರದಿ ಚಲೋ ಬಂದಿದೆ, ಪಕ್ಷದವರೂ ಖುಷಿಯಾಗಿದ್ದಾರೆ ಎಂದು ಮೊದಲು ಹೇಳಿದರು.

“ಆದ್ರ ನಾ ಹಂಗ ಹೇಳಿಲ್ಲಲ್ರಿ. ತಪ್ಪು ಒಪ್ಪಿಕೊಂಡಿದ್ದು ನಾಕ ಮಂದಿ ಓದಲಿ ಅಂತ ಇತ್ತು ನನಗ.”

ತಿದ್ದುಪಡಿ ಹಾಕಿಸುವೆನೆಂದು ಮಾತು ಕೊಟ್ಟೆ. ಹಾಕಿಸಬೇಕಾದರೆ ಭಾಷಣಕ್ಕೂ ಮುನ್ನ ವರದಿ ಕಳಿಸಿದ್ದನ್ನು ಸಂಪಾದಕರಿಗೆ ಹೇಳಬೇಕಿತ್ತು. ಅದು ನನ್ನಿಂದಾಗಲಿಲ್ಲ. ಆಮೇಲೆ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಸಿಕ್ಕಾಗಲೆಲ್ಲ ಅವರು ಪತ್ರಿಕೆಯ ಪುಟ ತಿರುವಿ, “ಇವತ್ತೂ ಇಲ್ಲೇನ್ರಿ?” ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಎರಡು ವರ್ಷದ ನಂತರ ಅವರು ಹೃದಯಾಘಾತದಿಂದ ತೀರಿಕೊಂಡರು. ನಿಧನ ವಾರ್ತೆಗೆ ಕಚೇರಿಯವರು ಹಳೆಯ ಕಡತದಿಂದ ನನ್ನ ಅದೇ ವರದಿಯನ್ನು ತೆಗೆದರು. ಅವರು ಎಂದೂ ಆಡದ ವಾಕ್ಯವೊಂದು ಅವರ ಭಾವಚಿತ್ರದ ಕೆಳಗೆ ಅಚ್ಚಾಯಿತು.

ಮಾಸ್ತರ ಮಣ್ಣಿಗೆ ಹೋದಾಗ ರಾಚಪ್ಪ ಸಿಕ್ಕರು. ಆ ದಿನ ವಿದ್ಯುತ್ ಹೋದದ್ದು ಐದೂವರೆಗೆ. ಕೆಸರುಗಾಲಲ್ಲೇ ಸುಮಾರು ಜನ ಭವನಕ್ಕೆ ಮರಳಿದ್ದರಂತೆ, ಮಾಸ್ತರು ಅಲ್ಲೇ ಕೂತಿದ್ದರಂತೆ. ಏನು ಮಾತಾಡಿದರು ಎಂದು ಕೇಳಿದೆ.

“ಭಾಳ ಮಾತಾಡಿದ್ರು. ಈಗ ನೆನಪಿಲ್ರಿ. ನೀವು ಬರಕೊಂಡಿರಬೇಕು ಅಂತ ನಾವು ತಿಳ್ಕೊಂಡಿದ್ದೆವು.”

ಆಡದ ಮಾತಿಗೆ ‘ಹೇಳಿದರು’ ಎಂದು ಬರೆಯಬಾರದು, ಸಭೆ ಮುಗಿಯುವ ಮುನ್ನ ಎದ್ದು ಬರಬಾರದು. ಮೂವತ್ತು ವರ್ಷದ ವೃತ್ತಿ ಕೊನೆಗಾಲದಲ್ಲಿ ನನಗೆ ಕಲಿಸಿದ್ದು ಇಷ್ಟೇ. ಕೊಟ್ಟ ಮಾತಿನ ತಿದ್ದುಪಡಿಯನ್ನು ಈಗ ಇಲ್ಲಿ ಬರೆದಿದ್ದೇನೆ, ಅದೂ ಅರ್ಧವೇ. ನೋಟ್‌ಬುಕ್ಕಿನಲ್ಲಿ ಮುಳವಾಡದ ಆ ಪುಟವನ್ನು ಆಗಾಗ ತೆಗೆದು ನೋಡುತ್ತೇನೆ. ‘ಅದು ನನ್ನ ತಪ್ಪು’ ಎಂಬ ಅವರ ಮಾತಿನ ಕೆಳಗೆ ನಾನು ಸಮಯ ಬರೆದು ಗೆರೆ ಎಳೆದಿದ್ದೇನೆ. ಗೆರೆಯ ಕೆಳಗೆ ಪುಟ ಖಾಲಿ ಇದೆ.