ಒಂದು ಚಮಚ ಶೇಂಗಾ ಎಣ್ಣೆ

ಕಳೆದ ಶನಿವಾರ ನಮ್ಮ ಹಳೆಯ ಆರ್‌ವಿಯ ಡ್ರಾಯರುಗಳನ್ನು ಖಾಲಿ ಮಾಡುತ್ತಿದ್ದಾಗ ಒಂದು ಸ್ಟೀಲ್ ಚಮಚ ಸಿಕ್ಕಿತು. ಮೂಗಿಗೆ ಹಿಡಿದು ನೋಡಿದೆ. ಡೀಸೆಲ್ ವಾಸನೆ ಇನ್ನೂ ಇತ್ತೋ, ಇರಬೇಕೆಂದು ನಾನೇ ಅಂದುಕೊಂಡೆನೋ...

ಆರ್‌ವಿ ಎಂದರೆ ಒಳಗೇ ಒಲೆ, ಮಂಚ, ಬಚ್ಚಲು ಇರುವ ಗಾಡಿ. ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ಸೌತ್ ಕೆರೊಲಿನಾದ ಫೋರ್ಟ್ ಮಿಲ್‌ನಲ್ಲಿದ್ದಾಗ ಹಳೆಯ ವಾಹನ ಕೊಂಡು, ರಿಪೇರಿ ಮಾಡಿ ಮಾರುವುದು ನನ್ನ ವ್ಯಾಪಾರ. ಇದನ್ನೂ ಮಾರಲೆಂದೇ ತಂದು, ಮನಸ್ಸು ಬಾರದೆ ಇಟ್ಟುಕೊಂಡೆ. ಕೊಳ್ಳುವ ಯೋಚನೆ ಇದ್ದವರಿಗೆ ಒಂದು ಮಾತು: ಎಂಜಿನ್ ನೋಡುವ ಮೊದಲು ಹಾಸಿಗೆ ಎತ್ತಿ ಮೂಸಿ. ಮಳೆಗೆ ಸೋರುವ ಗಾಡಿ ಮುಗ್ಗಲು ವಾಸನೆಯಿಂದ ಅಲ್ಲೇ ಸಿಕ್ಕಿಬೀಳುತ್ತದೆ.

ಎದುರುಮನೆಯಲ್ಲಿ ಡಾಕ್ಟರ್ ದಂಪತಿಗಳಿದ್ದರು. ಮಗಳ ಬಾಣಂತನಕ್ಕೆಂದು ಗದಗಿನ ಕಡೆಯಿಂದ ಬಂದ ತಾಯಿಯನ್ನು ನಾವು ಗಿರಣಿ ಆಂಟಿ ಎನ್ನುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದವರು. ಬೆಳಗ್ಗೆ ಎಂಜಿನ್ನಿನ ಹ್ಯಾಂಡಲ್ ತಿರುಗಿಸುವುದರಿಂದ ಸಂಜೆ ಹಿಟ್ಟು ಕೊಡವಿಕೊಳ್ಳುವವರೆಗೆ ಎಲ್ಲವೂ ಅವರದೇ. ಇಲ್ಲಿ ಅಳಿಯ ಮಾತ್ರ ಡಿಶ್‌ವಾಷರ್ ಮುಟ್ಟಲೂ ಬಿಡುತ್ತಿರಲಿಲ್ಲ. "ಅತ್ತೆ, ನಿಮಗೆ ಗೊತ್ತಾಗಲ್ಲ ಬಿಡಿ" ಎನ್ನುತ್ತಿದ್ದ. ಆಂಟಿ ನಗುತ್ತಿದ್ದರು. ಅದು ಒಳ್ಳೆಯ ನಗುವಾಗಿರಲಿಲ್ಲ.

ಒಂದು ವಾರಾಂತ್ಯ ನಾನು, ಹೆಂಡತಿ ಆಂಟಿಯನ್ನೂ ಕರೆದುಕೊಂಡು ನಾರ್ತ್ ಕೆರೊಲಿನಾ ಕಡೆ ಹೊರಟೆವು. ಹಳೆಯ ಯಂತ್ರಗಳ ಮ್ಯೂಸಿಯಂ ಒಂದರಲ್ಲಿ, ಶೆಡ್ಡುಗಳ ಹಿಂದಿನ ಹುಲ್ಲಿನಲ್ಲಿ ಆರ್‌ವಿ ನಿಲ್ಲಿಸಿ ರಾತ್ರಿ ತಂಗಬಹುದಿತ್ತು. ಸಂಜೆಯ ಹೊತ್ತಿಗೆ ನೋಡುವವರು ಯಾರೂ ಉಳಿದಿರಲಿಲ್ಲ. ಆಂಟಿ ಇಳಕಲ್ ಸೀರೆ, ಮಗಳ ಟೆನಿಸ್ ಶೂಗಳಲ್ಲಿ ಒಳಗೆ ಹೋದವರು ಮೂಲೆಯಲ್ಲಿ ನಿಂತೇಬಿಟ್ಟರು. ಎರಡು ದೊಡ್ಡ ಗಾಲಿಗಳ, ಒಂದೇ ಸಿಲಿಂಡರಿನ ಆಯಿಲ್ ಎಂಜಿನ್. ಮುಂದೆ 'ಮುಟ್ಟಬೇಡಿ' ಎಂಬ ಫಲಕ.

"ನಂದು ಇದರ ತಂಗಿ ಇದ್ದಂಗ ಇತ್ತು," ಎಂದರು. "ಕರೆಂಟ್ ಮೋಟ್ರು ಬಂತು ಅಂತ ಮೈದುನ ಗುಜರಿಗೆ ತೂಕಕ್ಕ ಹಾಕಿದ. ನನ್ನ ಒಂದ್ ಮಾತ ಕೇಳ್ಲಿಲ್ಲ."

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದವನು ಬಟಾಣಿ ಬಣ್ಣದ ಟೋಪಿಯ ಅಮೆರಿಕನ್ ಮುದುಕ. ಈ ಎಂಜಿನ್ ಸ್ಟಾರ್ಟ್ ಆಗದೆ ವರ್ಷಗಳಾದವು, ಗಾಲಿಯೂ ತಿರುಗುವುದಿಲ್ಲ, ಬಿಡಿಭಾಗ ಕಿತ್ತುಕೊಂಡು ಉಳಿದದ್ದನ್ನು ಸೋಮವಾರ ಸ್ಕ್ರಾಪಿಗೆ ಕಳಿಸುತ್ತೇವೆ ಎಂದ. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ಆಂಟಿ ಫಲಕವನ್ನು ದಾಟಿ ವಾಲ್ವಿನ ಮೇಲೆ ಬೆರಳಿಟ್ಟಿದ್ದರು.

"ಇದು ಸತ್ತಿಲ್ಲೋ ತಮ್ಮಾ. ಉಸಿರು ಬಿಗಿಹಿಡದು ಕುಂತೈತಿ. ಒಂದ್ ರಾತ್ರಿ ಕೊಡು ಅನ್ನು ಅವಂಗ."

ಮುದುಕ ಅವರ ಬೆರಳನ್ನೇ ನೋಡಿದ. ಆಮೇಲೆ, ಬೆಳಗ್ಗೆ ಗೇಟು ತೆರೆಯುವುದರೊಳಗೆ ಓಡಿಸಿದರೆ ಇದನ್ನು ಕದಲಿಸುವುದಿಲ್ಲ ಎಂದ. ಇಲ್ಲಿ ನಾನು ತಪ್ಪು ಮಾಡಿದೆ. ಎದುರಿನವನು ಒಂದು ಮೆಟ್ಟಿಲು ಇಳಿದರೆ ಇನ್ನೊಂದು ಇಳಿಸುವುದು ನನ್ನ ಅಭ್ಯಾಸ. ಓಡಿದರೆ ನಮ್ಮ ತಂಗುವ ಬಾಡಿಗೆಯನ್ನೂ ಬಿಡುತ್ತೀಯಾ ಎಂದು ಕೇಳಿಬಿಟ್ಟೆ! ಅವನ ಮುಖ ಬಿಗಿಯಿತು. ಬೀಗದಕೈ ಜೇಬಿನಿಂದ ಹೊರಬಂತು, ಹೊರಗೆ ನಡೆಯಿರಿ ಎಂದ.

"ಏನಂದಿ ಅವಂಗ?" ಎಂದು ಆಂಟಿ ಕೇಳಿದರು. ಹೇಳಿದೆ.

"ಥೂ ನಿನ್ನ! ಎಲ್ಲಾದಕ್ಕೂ ಸಂತ್ಯಾಗ ನಿಂತಂಗ ನಿಂದರ್ತಿಯಲ್ಲೋ. ಬಾಯಿ ಮುಚ್ಚು, ಚಮಚ ತಾ."

ನಮ್ಮ ಮಾತು ಅವನಿಗೆ ತಿಳಿಯಲಿಲ್ಲ. ಬೈದದ್ದು ನನಗೇ ಎಂಬುದು ತಿಳಿದಿರಬೇಕು. ನಕ್ಕ, ಬೀಗದಕೈ ಒಳಗೆ ಹೋಯಿತು. ಟ್ರ್ಯಾಕ್ಟರಿನಿಂದ ತಾನೇ ಡೀಸೆಲ್ ತಂದ. ಆಂಟಿ ನಮ್ಮ ಚಮಚದಲ್ಲೇ ಅದನ್ನು ವಾಲ್ವುಗಳಿಗೆ ಹನಿಹನಿಯಾಗಿ ಕುಡಿಸಿದರು. ಗಾಳಿ ಎಳೆಯುವ ಬಾಯಿಗೆ, ಪೂರಿಗೆಂದು ತಂದಿದ್ದ ಶೇಂಗಾ ಎಣ್ಣೆ ಒಂದು ಚಮಚ. ನಾನು ಸ್ಪ್ಯಾನರಿಗೆ ಕೈ ಹಾಕಿದ್ದಕ್ಕೆ ಕೈಗೇ ಒಂದು ಏಟು ಬಿತ್ತು.

"ಗುದ್ದಿದ್ರ ಮುರೀತೈತಿ, ನೆನಸಿದ್ರ ಬಿಡತೈತಿ. ಹೋಗಿ ಮಕ್ಕೋ."

ಬೆಳಗ್ಗೆ ನಾನು ಏಳುವಷ್ಟರಲ್ಲಿ ಅವರು ಆರ್‌ವಿಯ ಅಂಗೈಯಗಲ ಬಚ್ಚಲಿನಲ್ಲಿ ಸ್ನಾನ ಮುಗಿಸಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಮೊದಲು ಗಾಲಿಗೆ ಮೂರು ಬೆರಳಿನ ವಿಭೂತಿ. ಮುದುಕ, ಹಳೆಯ ಬಣ್ಣ ಹಾಳಾಗುತ್ತದೆ ಎಂದು ಕೂಗಿದ.

"ಅವಂಗ ಹೇಳು, ನಾ ಬಣ್ಣಕ್ಕ ಹಚ್ಚಿಲ್ಲ, ಕಬ್ಬಿಣಕ್ಕ ಹಚ್ಚೇನಿ."

ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಗಾಳಿಯ ಗುಳ್ಳೆ ನಿಲ್ಲುವ ತನಕ ಕಾದು, ಬಿಗಿದರು. ವಾಲ್ವಿನ ಲಿವರ್ ಎತ್ತಿಹಿಡಿದು ಮುದುಕನಿಗೂ ನನಗೂ ಹ್ಯಾಂಡಲ್ ತೋರಿಸಿದರು. ಗಾಲಿ ತಿರುಗಿತು! ನಾವು ಏದುಸಿರು ಬಿಡುತ್ತ ತಿರುಗಿಸಿದೆವು, ಅವರು ಲಿವರ್ ಬಿಟ್ಟರು. ಒಂದು ಕೆಮ್ಮು. ಅಷ್ಟೇ. ಇನ್ನೊಮ್ಮೆ... ಎರಡು ಕೆಮ್ಮು. ಮುದುಕ ಗಡಿಯಾರ ನೋಡಿ ತಲೆಯಾಡಿಸಿದ. ಗೇಟಿನ ಹೊರಗೆ ಕಾರುಗಳು ಬರತೊಡಗಿದ್ದವು.

"ಗಡ್ಯಾರ ಏನ್ ನೋಡ್ತಾನ? ತಿರುವು ಅನ್ನು!"

ಮೂರನೆಯ ಸಲ ಬಿಳಿಯ ಹೊಗೆ ಭುಸ್ಸೆಂದು ಉಗುಳಿ, ಟುಕ್... ಟುಕ್... ಟುಕ್ ಎಂದು ಅದು ಹಿಡಿದುಕೊಂಡಿತು. ಶೆಡ್ಡಿನ ತಗಡು ನಡುಗಿತು. ಕರಿದ ಶೇಂಗಾ ಎಣ್ಣೆಯ ವಾಸನೆ ತುಂಬಿತು. ಮುದುಕ ಟೋಪಿ ತೆಗೆದ. ಆಂಟಿ ಅಳಲಿಲ್ಲ, ನಗಲೂ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು, "ನನ್ನ ಅಳಿಯಗ ಹೇಳು," ಎಂದರು.

ಹೇಳಿದೆ. ಅವನು ನಂಬಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷವೇ ಆಂಟಿ ಊರಿಗೆ ಮರಳಿದರು. ನಾವು ಜಾರ್ಜಿಯಾಕ್ಕೆ, ಕಮ್ಮಿಂಗ್‌ಗೆ ಬಂದೆವು. ಅವರು ತೀರಿಕೊಂಡ ಸುದ್ದಿ ತಲುಪಿದ್ದು ಎಷ್ಟೋ ತಿಂಗಳ ಮೇಲೆ, ಯಾರದೋ ಮದುವೆಯ ಊಟದ ಸಾಲಿನಲ್ಲಿ. ಒಂದು ಫೋನ್ ಕೂಡ ಮಾಡಿರಲಿಲ್ಲ ನಾನು...

ಶನಿವಾರ ಆರ್‌ವಿ ನೋಡಲು ಬಂದವನು ಕೀಲಿ ತಿರುಗಿಸಿದ. ಏಳು ವರ್ಷ ನಿಂತ ಗಾಡಿ, ಎಂಜಿನ್ ಅಲುಗಲೇ ಇಲ್ಲ. ಗುಜರಿಯ ತೂಕದ ಲೆಕ್ಕದಲ್ಲಿ ಒಂದು ಬೆಲೆ ಹೇಳಿದ. ಇಂಥ ಕಡೆ ಎರಡರಷ್ಟು ಕೇಳಿ, ಒಂದೂವರೆಗೆ ಇಳಿಯಬೇಕು. ಎಲ್ಲರಿಗೂ ಹೇಳಿಕೊಡುವುದು ಅದನ್ನೇ. ನಾನು ಬೆಲೆಯ ಮಾತೇ ಎತ್ತಲಿಲ್ಲ. ನಾಳೆ ಬೆಳಗ್ಗೆ ಬಾ ಎಂದು ಕಳಿಸಿಬಿಟ್ಟೆ.

ಆಮೇಲೆ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ತೂತಿಗೂ ಆ ಚಮಚದಲ್ಲಿ ಎಣ್ಣೆ ಬಿಟ್ಟೆ. ಸ್ಪ್ಯಾನರ್ ಕೈಯಲ್ಲೇ ಇತ್ತು. ಎಂಜಿನ್ನಿಗೆ ಅದನ್ನು ಹಾಕಿ ಬಲವಂತವಾಗಿ ತಿರುಗಿಸಿ ನೋಡೋಣ ಅನ್ನಿಸಿತು. ಕೈಗೆ ಏಟು ಹಾಕುವವರು ಈಗಿಲ್ಲ. ನಾನೇ ಅದನ್ನು ಕೆಳಗಿಟ್ಟು, ಮಲಗಲು ಹೋದೆ.