ಕೆಂಪು ವಸ್ತ್ರದೊಳಗಿನ ಪುಸ್ತಕ

ಚಳವಳಿಯ ದಿನಗಳವು. ಸರ್ಕಾರ ನಿಷೇಧಿಸಿದ್ದ ಕಾದಂಬರಿಯೊಂದು ನಮ್ಮ ಗೆಳೆಯರಲ್ಲಿ ಕೈಯಿಂದ ಕೈಗೆ ತಿರುಗುತ್ತಿತ್ತು. ನಾನು ಓದಿ ಮುಗಿಸಿ, ಪುರಾಣದ ಹಾಗೆ ಕೆಂಪು ವಸ್ತ್ರದಲ್ಲಿ ಸುತ್ತಿಕೊಂಡು ಹಂಸಭಾವಿಯ ಗೆಳೆಯನಿಗೆ ಕೊಡಲು ಹೊರಟಿದ್ದೆ. ತಿಳವಳ್ಳಿಯಲ್ಲಿ ಮೋಟಾರಿಗೆ ಕಾಯುವಾಗ ಹವಾಲ್ದಾರನೊಬ್ಬ ಬಂದು ಗಂಟಿಗೆ ಕೈಚಾಚಿದ.

"ಏನ್ರಿ ಅದು?"

"ಪುರಾಣರಿ."

ಕೈ ಹಿಂದಕ್ಕೆಳೆದುಕೊಂಡ. "ನಂದಿನ್ನೂ ಜಳಕ ಆಗಿಲ್ಲ, ಮುಟ್ಟಂಗಿಲ್ಲ. ನೀವ ಓದ್ರಿ, ಕೇಳ್ತೇನಿ." ಬೂಟು ಕಳಚಿ ಎದುರಿಗೇ ಕುಂತ.

ನನಗೆ ಪುರಾಣದ ಒಂದು ಸಾಲೂ ಬಾಯಿಗೆ ಬರಲಿಲ್ಲ. ಗಂಟು ಬಿಚ್ಚಿ ಆ ಕಾದಂಬರಿಯನ್ನೇ, ಬ್ರಿಟಿಷ್ ಸಾಹೇಬ ಬಂದಲ್ಲೆಲ್ಲ ರಾಕ್ಷಸ ಎನ್ನುತ್ತ, ಪುರಾಣದ ರಾಗದಲ್ಲಿ ಓದಿದೆ. ಮೋಟಾರು ಬಂದಾಗ ಹವಾಲ್ದಾರ ಕಣ್ಣೊರೆಸಿಕೊಂಡು ಕೇಳಿದ: "ಆ ರಾಕ್ಷಸ ಮುಂದ ಸಾಯ್ತಾನಿಲ್ರಿ?"

"ಸಾಯ್ತಾನರಿ," ಎಂದು ಹತ್ತಿಕೊಂಡೆ.

ಹಂಸಭಾವಿಯ ಗೆಳೆಯ ಪುಸ್ತಕ ಹೆಂಗೈತಿ ಎಂದು ಕೇಳಿದ.

"ಸರ್ಕಾರಕ್ಕೂ ಬಾಳ ಸೇರೇತಿ," ಎಂದೆ.