ನಾರು ಹುಣ್ಣಿನ ದತ್ತಿ

ಚಿನ್ನೂ, ಪುಟ್ಟೀ,

ಮೊನ್ನೆ ಊಟಕ್ಕೆ ಕೂತಾಗ ನೀವಿಬ್ಬರೂ, “ಅಜ್ಜೀ, ಪ್ರತಿ ನವೆಂಬರ್‌ದಾಗ ಒಬ್ಬಾಕೀನ ಎಲ್ಲಿಗೆ ಹೋಗ್ತಿ?” ಎಂದು ಕೇಳಿದಿರಿ. ನಾನು “ಸಂಘಕ್ಕ” ಎಂದಷ್ಟೇ ಹೇಳಿದೆ. ಬಾಯಲ್ಲಿ ಹೇಳುವುದು ನನಗೆ ಮೊದಲಿನಿಂದಲೂ ಕಷ್ಟ. ಊರ ಶಾಲೆಯಲ್ಲಿ ಮಾಸ್ತರರು ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಪಾಟಿಯ ಮೇಲೆ ಬರಿ ಎಂದರೆ ಬರೆಯುತ್ತಿದ್ದೆ. ಆದ್ದರಿಂದ ಇದನ್ನೂ ಬರೆದೇ ಹೇಳುತ್ತೇನೆ.

ನಿಮ್ಮ ಅಜ್ಜನನ್ನು ನೀವು ನೋಡಿಲ್ಲ. ಅವರು ಆರೋಗ್ಯ ಇಲಾಖೆಯಲ್ಲಿದ್ದರು. ಡಾಕ್ಟರರಲ್ಲ. ಹಳ್ಳಿ ಹಳ್ಳಿ ತಿರುಗಿ ಬಾವಿಯ ನೀರು ನೋಡುವುದು, ಯಾರ ಕಾಲಿಗೆ ನಾರು ಆಗಿದೆ ಎಂದು ಮನೆ ಮನೆಗೆ ಹೋಗಿ ಕೇಳುವುದು, ನೀರು ಸೋಸಿ ಕುಡಿಯಿರಿ ಎಂದು ಬಟ್ಟೆ ಹಂಚುವುದು ಅವರ ಕೆಲಸ. ಮೆಟ್ಟಿಲಿಳಿದು ಕೊಡ ತುಂಬುವ ಬಾವಿಗಳಿದ್ದ ನಮ್ಮ ಸೀಮೆಯಲ್ಲಿ ನಾರು ಹುಣ್ಣು ಇಲ್ಲದ ಮನೆ ಕಡಿಮೆ. ನೀರಿನ ಜೊತೆ ಒಳಗೆ ಹೋದ ಹುಳು ಒಂದು ವರ್ಷ ಮೈಯಲ್ಲೇ ಬೆಳೆದು, ಕೊನೆಗೆ ಕಾಲಲ್ಲಿ ಬೊಬ್ಬೆ ಎಬ್ಬಿಸಿ ಬಿಳಿ ದಾರದಂತೆ ಹೊರಗೆ ಬರುತ್ತಿತ್ತು. ಅದನ್ನು ಕಸಬರಿಗೆ ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ಅವಸರ ಮಾಡಿದರೆ ಹರಿಯುತ್ತದೆ. ಹರಿದರೆ ಕಾಲು ಬಾತು, ಕೀವಾಗಿ, ತಿಂಗಳುಗಟ್ಟಲೆ ಹಾಸಿಗೆ.

ನನಗೂ ಆಗಿತ್ತು. ಹೆಣ್ಣು ನೋಡಲು ಬಂದ ದಿನ ಎಲ್ಲರೂ ನನ್ನ ಮುಖ ನೋಡಿದರೆ ನಿಮ್ಮ ಅಜ್ಜ ಪಾದದ ಗಂಟಿನ ಬಳಿಯ ಕಲೆ ನೋಡಿದರು.

“ಇದು ನಾರಿಂದೇನ್ರಿ? ಯಾವ ಬಾವಿ ನೀರ ಕುಡೀತಿದ್ರಿ?”

ನನ್ನ ಸೋದರಮಾವನಿಗೆ ಸಿಟ್ಟು ಬಂತು. “ಏನ್ ಸಾಹೇಬ್ರ, ಹೆಣ್ಣ ನೋಡಾಕ ಬಂದೀರೋ, ಬಾವಿ ನೋಡಾಕ ಬಂದೀರೋ?”

“ಎರಡೂ ನೋಡ್ಕೊಂಡ ಹೋಗ್ತೀನ್ರಿ” ಎಂದರು ಅವರು. ಮನೆಯೆಲ್ಲ ನಕ್ಕಿತು.

ಅವರ ನೌಕರಿ ಇರುವಾಗಲೇ ಆ ರೋಗ ದೇಶದಿಂದ ಹೋಯಿತು. ನಿವೃತ್ತಿಯಾಗಿ ನಿಜಾಮರ ಈ ಊರಿಗೆ ಬಂದು ಲಿಂಗಂಪಲ್ಲಿಯಲ್ಲಿ ಮನೆ ಮಾಡಿದ ಮೇಲೆ ಅದರ ಇತಿಹಾಸ ಬರೆಯಬೇಕೆಂದು ಹೊರಟರು. ಬೆಳಿಗ್ಗೆ ಬುತ್ತಿ ಕಟ್ಟಿಸಿಕೊಂಡು ಲೋಕಲ್ ಟ್ರೇನು ಹಿಡಿದು ಬೇಗಂಪೇಟೆಯಲ್ಲಿಳಿದು, ಅಲ್ಲಿಂದ ಬಸ್ಸಿನಲ್ಲಿ ಹಳೆಯ ಪುಸ್ತಕ, ವರದಿ ಇರುವ ಕಡೆಗೆಲ್ಲ ಹೋಗುತ್ತಿದ್ದರು. ನಿಜಾಮರ ಕಾಲದ ಕಾಗದಗಳನ್ನು ಓದಲು ಉರ್ದು, ಫಾರಸಿ ಬಲ್ಲವರು ಬೇಕು, ಹಳ್ಳಿಗಳಿಗೆ ಮತ್ತೆ ಹೋಗಿ ಮುದುಕರನ್ನು ಮಾತಾಡಿಸಬೇಕು. ಪಿಂಚಣಿಯಲ್ಲಿ ಅದಾಗುವುದಿಲ್ಲ. ವಿಜ್ಞಾನದ, ವೈದ್ಯಕೀಯದ ಇತಿಹಾಸಕ್ಕೆ ಅನುದಾನ ಕೊಡುವವರಿದ್ದಾರೆ ಎಂದು ತಿಳಿದು ಅರ್ಜಿ ಹಾಕತೊಡಗಿದರು. ಎಲ್ಲರೂ ದೊಡ್ಡ ಪದವಿ ಕೇಳುತ್ತಿದ್ದರು, ಇಲ್ಲವೆಂದರೆ ನಿಮ್ಮ ಸಂಸ್ಥೆ ಯಾವುದು ಎನ್ನುತ್ತಿದ್ದರು. ಇವರಿಗೆ ಎರಡೂ ಇರಲಿಲ್ಲ.

ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಅಡುಗೆ ಮನೆ ಬಾಗಿಲಲ್ಲಿ ನಿಂತು ನನಗೆ ಕನ್ನಡದಲ್ಲಿ ಹೇಳುತ್ತಿದ್ದರು. “ನಿಮ್ಮ ವಿಷಯ ಭಾಳ ಮಹತ್ವದ್ದು ಅಂತ ಬರದಾರ. ಮುಂದಿನ ಸಾಲಿನಾಗ ‘ಆದರೆ’ ಬಂತು. ಚಾ ಮಾಡು.”

ಒಮ್ಮೆ ಮಾತ್ರ ಚಹಾ ಕುಡಿಯುತ್ತ, “ಇರೋ ರೋಗಕ್ಕ ರೊಕ್ಕ ಐತಿ. ಹೋದ ರೋಗಕ್ಕ ಯಾರ ಕೊಡ್ತಾರ?” ಎಂದರು. ಅಷ್ಟೇ. ಮೊದಲ ಅಧ್ಯಾಯ ತಿದ್ದುತ್ತಿರುವಾಗಲೇ ತೀರಿಕೊಂಡರು. ಪುಸ್ತಕ ಆಗಲಿಲ್ಲ.

ಅವರು ಹೋದ ಮೇಲೆ ನಾನು ಕೊಂಡಾಪುರಕ್ಕೆ, ನಿಮ್ಮ ಮನೆಗೆ ಬಂದೆ. ನೀವಿನ್ನೂ ಹುಟ್ಟಿರಲಿಲ್ಲ. ಹಗಲು ನಿಮ್ಮ ಅಪ್ಪ ಅಮ್ಮ ಆಫೀಸಿನಲ್ಲಿ. ಅಪಾರ್ಟ್‌ಮೆಂಟಿನ ಕೆಳಗೆ ಬೆಂಚಿನ ಮೇಲೆ ಕೂರುವ ಹೆಂಗಸರು ಒಳ್ಳೆಯವರು, ಹಿಂದಿಯಲ್ಲಿ ಶುಗರು, ಬಿಪಿ ಮಾತಾಡುತ್ತಾರೆ. ನನ್ನ ಗಂಡ ಏನು ಮಾಡುತ್ತಿದ್ದರು ಎಂದು ಒಬ್ಬರು ಕೇಳಿದರು. ನಾರು ಎಂಬುದಕ್ಕೆ ಹಿಂದಿಯಲ್ಲಿ ಏನೆನ್ನುತ್ತಾರೋ ತಿಳಿಯದೆ “ಸರ್ಕಾರಿ ನೌಕ್ರಿ” ಎಂದೆ.

ಆ ಚಳಿಗಾಲ ಕೈಯಲ್ಲಿದ್ದ ಸ್ವಲ್ಪ ಹಣವನ್ನು ಇಲ್ಲಿಯ ಕನ್ನಡ ಸಂಘದಲ್ಲಿ ಅವರ ಹೆಸರಿನ ದತ್ತಿಯಾಗಿ ಇಟ್ಟೆ. ಅದರ ಬಡ್ಡಿಯಿಂದ ಪ್ರತಿ ವರ್ಷ ನಾರು ಹುಣ್ಣಿನ ಇತಿಹಾಸದ ಮೇಲೆ ಒಳ್ಳೆಯ ಪ್ರಬಂಧ ಬರೆದವರಿಗೆ ಬಹುಮಾನ. ಅವರಿಗೆ ಯಾರೂ ಕೊಡದ್ದನ್ನು ಇನ್ನೊಬ್ಬರಿಗಾದರೂ ಕೊಡೋಣ ಎನಿಸಿತ್ತು.

ಯಾರೂ ಬರೆಯಲಿಲ್ಲ. ರಾಜ್ಯೋತ್ಸವದ ದಿನ ಕಾರ್ಯದರ್ಶಿಗಳು ಅವರ ಹೆಸರು ಓದಿ, ವಿಷಯ ಓದಿ, “ಪ್ರಬಂಧಗಳು ಬಂದಿರುವುದಿಲ್ಲ” ಎಂದರು. ಜನ ರೂಢಿಯಂತೆ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ ಕೂತಿದ್ದ ನಾನೂ ತಟ್ಟಿದೆ. ಮುಂದಿನ ವರ್ಷ ಹಾಗೆಯೇ, ಅದರ ಮುಂದಿನ ವರ್ಷವೂ.

ಆಮೇಲೊಂದು ವರ್ಷ ಕಾರ್ಯದರ್ಶಿಗಳ ಫೋನು ಬಂತು. “ಅಮ್ಮಾರ, ಈ ಸಲ ಒಂದ ಬಂತ್ರಿ. ಖರೇ ಹೇಳಬೇಕಂದ್ರ ನಗಬೇಕೋ ಅಳಬೇಕೋ ತಿಳೀವಲ್ದು.”

ಓದಿ ಹೇಳಿದರು. ಕೊಂಡಾಪುರದಲ್ಲೇ ಕೆಲಸ ಮಾಡುವ ಹುಬ್ಬಳ್ಳಿ ಕಡೆಯ ಹುಡುಗಿ ಬರೆದದ್ದು. ಜೋಳದ ರೊಟ್ಟಿಯಲ್ಲಿ, ಸೊಪ್ಪಿನಲ್ಲಿ ನಾರು ಎಷ್ಟಿದೆ, ಹಿಂದಿನವರು ಅದನ್ನು ತಿಂದು ಹೊಟ್ಟೆ ಹುಣ್ಣಿಲ್ಲದೆ ಹೇಗೆ ಬಾಳಿದರು ಎಂದು. ಪಾಪ, ಆ ಹುಡುಗಿ ಬೇರೆ ನಾರನ್ನು ಕೇಳಿಯೇ ಇರಲಿಲ್ಲ.

ಅವಳಿಗೆ ಬಹುಮಾನ ಕೊಟ್ಟು, ಮುಂದಿನ ವರ್ಷದಿಂದ ವಿಷಯವನ್ನು ‘ಆಹಾರ ಮತ್ತು ಆರೋಗ್ಯ’ ಎಂದು ಬದಲಿಸೋಣ ಎಂಬುದು ಸಂಘದವರ ಯೋಚನೆ. ಅದಕ್ಕೆ ನನ್ನ ಒಪ್ಪಿಗೆ ಬೇಕಿತ್ತು. ನಿಮ್ಮ ಅಮ್ಮ, “ಹೂಂ ಅನ್ನವ್ವಾ. ಅಪ್ಪಾನ ಹೆಸರಿನ್ಯಾಗ ಯಾರಾದ್ರೂ ಬಹುಮಾನ ತೊಗೊಳ್ಳಲಿ” ಎಂದಳು. ಹೂಂ ಎನ್ನಲೆಂದೇ ಸಭೆಗೆ ಹೋದೆ.

“ಸಾಹೇಬ್ರ ಹೆಸರು ಇದ್ದಾಂಗ ಇರತೈತ್ರಿ” ಎಂದರು ಕಾರ್ಯದರ್ಶಿಗಳು. “ವಿಷಯ ಅಷ್ಟ ಬದಲಿ.”

ನನ್ನ ಬಾಯಿಂದ ಬೇರೆಯದೇ ಬಂತು. “ಹೆಸರು ತೆಗೀರಿ. ವಿಷಯ ಇರಲಿ.”

“ಅಮ್ಮಾರ, ಉಲ್ಟಾ ಹೇಳಾಕತ್ತೀರಿ. ಮಂದಿ ದತ್ತಿ ಇಡೂದ ಹೆಸರಿನ ಸಲುವಾಗಿ.”

“ಅವರು ಹೆಸರಿನ ಸಲುವಾಗಿ ತಿರುಗಲಿಲ್ರಿ.”

“ಯಾರೂ ಬರೀದಿದ್ರ?”

“ಬಂದಿಲ್ಲ ಅಂತ ಓದ್ರಿ. ವರ್ಷಕ್ಕೊಮ್ಮೆ ನಾರು ಅನ್ನೂ ಶಬ್ದ ನಾಕ ಮಂದಿ ಕಿವಿಗೆ ಬೀಳಲಿ.”

ಅಷ್ಟು ಮಾತು ನಾನು ಯಾವ ಸಭೆಯಲ್ಲೂ ಆಡಿರಲಿಲ್ಲ. ಅಧ್ಯಕ್ಷರು ನಕ್ಕು, “ಆತು, ಇನ್ನ ಮುಂದ ಅದು ನಾರು ಹುಣ್ಣಿನ ದತ್ತಿ. ಹಿಂಥಾ ಹೆಸರಿನ ದತ್ತಿ ಯಾವ ಸಂಘದಾಗೂ ಇರಲಿಕ್ಕಿಲ್ಲ” ಎಂದರು.

ನಿಮ್ಮ ಅಮ್ಮ ನೊಂದುಕೊಂಡಳು. “ಅಪ್ಪಾನ ಹೆಸರು ನೀನ ತೆಗಿಸಿದಿ?” ಎಂದು ಕೇಳಿ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಅವಳ ನೋವು ಸರಿಯೇ. ನನಗೂ ಆ ಹೆಸರನ್ನು ಮೈಕಿನಲ್ಲಿ ಕೇಳುವ ಆಸೆ ಇತ್ತು.

ಆ ವರ್ಷ ಹುಬ್ಬಳ್ಳಿ ಕಡೆಯ ಹುಡುಗಿಗೆ ಸಮಾಧಾನಕ್ಕೆಂದು ಸಂಘದವರು ಒಂದು ಶಾಲು ಹೊದಿಸಿದರು. ಊಟದ ಹೊತ್ತಿಗೆ ಅವಳು ತಟ್ಟೆ ಹಿಡಿದು ನನ್ನ ಪಕ್ಕದ ಖಾಲಿ ಕುರ್ಚಿಗೆ ಬಂದಳು.

“ಆಂಟಿ, ಸಾರಿ ರಿ. ನಾ ತಿನ್ನೂ ನಾರು ಅನ್ಕೊಂಡೆ. ಮತ್ತ ಅದೇನ್ರಿ?”

ಹೇಳಿದೆ. ಅವಳು ಶಾವಿಗೆ ಪಾಯಸದ ಬಟ್ಟಲನ್ನು ಮೆಲ್ಲಗೆ ದೂರ ಸರಿಸಿದಳು. ಇಬ್ಬರೂ ನಕ್ಕೆವು. ಆಮೇಲೆ ಅವಳು, “ಅಂಥಾದ್ದು ಹೋತಲ್ರಿ, ಛಲೋ ಆತು. ಮತ್ತ ಯಾಕ ನೆನಪಿಡಬೇಕು?” ಎಂದಳು. ಕೊಂಕಿನಿಂದ ಕೇಳಿದ್ದಲ್ಲ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳ ಕ್ಯಾಬ್ ಬಂತು.

ಮನೆಗೆ ಬರುವ ದಾರಿಯಲ್ಲಿ ಊರಿನ ನಮ್ಮ ನೆರೆಮನೆಯ ಕಾಕು ನೆನಪಾದಳು. ಸುಗ್ಗಿ ಬಂದಾಗ ಎರಡೂ ಕಾಲಲ್ಲಿ ನಾರು ಎದ್ದು, ಹೊಲಕ್ಕೆ ಹೋಗಲಾಗದೆ ಪಡಸಾಲೆಯಲ್ಲಿ ಮಲಗಿರುತ್ತಿದ್ದಳು. ಯಾರಾದರೂ ಹಾದು ಹೋದರೆ “ಜೋಳ ಕೊಯ್ದ್ರೇನವ್ವಾ?” ಎಂದು ಕೇಳುತ್ತಿದ್ದಳು. ನಾರು ಎಂಬ ಶಬ್ದವೇ ಯಾರಿಗೂ ತಿಳಿಯದಂತಾದರೆ ಆಕೆ ಯಾತಕ್ಕೆ ಮಲಗಿದ್ದಳು ಎಂದು ಹೇಳುವುದು ಹೇಗೆ? ನನಗೆ ಹೊಳೆದ ಉತ್ತರ ಇಷ್ಟೇ. ಹೇಳೋಣವೆಂದರೆ ಆ ಹುಡುಗಿ ಮತ್ತೆ ಸಂಘಕ್ಕೆ ಬರಲಿಲ್ಲ.

ನಾರು ಹುಣ್ಣಿನ ಮೇಲೆ ಇಂದಿಗೂ ಒಂದೂ ಪ್ರಬಂಧ ಬಂದಿಲ್ಲ. ನಾನು ಹೋಗಿ ಕೂತು, ಕಾರ್ಯದರ್ಶಿಗಳು ಆ ಸಾಲನ್ನು ಓದುವುದನ್ನು ಕೇಳಿ ಬರುತ್ತೇನೆ. ನಾನಿಲ್ಲದಾಗ ವಿಷಯ ಬದಲಿಸೋಣವೇ ಎಂದು ಸಂಘದವರು ನಿಮ್ಮನ್ನು ಕೇಳಿಯಾರು. ಏನು ಹೇಳುತ್ತೀರೋ ನಿಮಗೆ ಬಿಟ್ಟದ್ದು. ಅದಕ್ಕೆ ಮೊದಲು ಇದನ್ನು ಒಮ್ಮೆ ಓದಿ, ಅಕ್ಷರ ಕೂಡಿಸಲು ತಡವಾದರೆ ಅಮ್ಮನ ಕೈಯಲ್ಲಿ ಓದಿಸಿ. ಯಾರಾದರೂ ನಿಜವಾಗಿ ಬರೆಯಲು ಬಂದರೆ ಅವರಿಗೆ ತೋರಿಸಿ. ಅಲ್ಲಿಯವರೆಗೆ ಮನೆ ಬದಲಿಸುವ ಗಡಿಬಿಡಿಯಲ್ಲಿ ಈ ಹಾಳೆಗಳನ್ನು ರದ್ದಿಗೆ ಹಾಕಬೇಡಿ, ಜೋಪಾನವಾಗಿ ಇಟ್ಟುಕೊಳ್ಳಿ.